ಚಿಲ್ಲರ್ ಬಾಡಿಗೆಗೋ, ಸ್ವಂತಕ್ಕೋ? ಕೊಟೇಶನ್ ತರಿಸುವ ಮೊದಲು ಬಕೆಟ್ ಹಿಡಿಯಿರಿ

ಪೀಣ್ಯ ಎರಡನೇ ಹಂತದಲ್ಲಿ ಬಾಟಲಿ ಮುಚ್ಚಳ ಮಾಡುವ ಗೆಳೆಯರೊಬ್ಬರು ಫೆಬ್ರವರಿ ಕೊನೆಯಲ್ಲಿ ಫೋನ್ ಮಾಡಿದ್ದರು. "ರೀ, ಚಿಲ್ಲರ್ ಬಾಡಿಗೆಗೆ ತಗೊಳ್ಳೋದೋ, ಕೊಂಡುಬಿಡೋದೋ? ಒಂದೇ ಮಾತಲ್ಲಿ ಹೇಳಿ." ಚಿಲ್ಲರ್ ಅಂದರೆ ಕಾರ್ಖಾನೆಯ ಮಷಿನ್‌ಗಳನ್ನು ತಂಪಾಗಿಡಲು ನೀರನ್ನು ತಣ್ಣಗೆ ಮಾಡಿ ಕೊಡುವ ಯಂತ್ರ.

"ಎಷ್ಟು ಟನ್ ಬೇಕು?" ಅಂತ ಕೇಳಿದೆ.

"ಪಕ್ಕದ ಶೆಡ್‌ನವರು ಮೂವತ್ತು ಹಾಕಿದ್ದಾರೆ. ಅವರದೂ ನಾಲ್ಕು ಮಷಿನ್, ನಮ್ಮದೂ ನಾಲ್ಕೇ. ಮೂವತ್ತಕ್ಕೇ ಕೊಟೇಶನ್ ತರಿಸಿದ್ದೀನಿ."

ಈ ಮಾತನ್ನು ನಾನು ಪೀಣ್ಯದಲ್ಲಿ, ಬೊಮ್ಮಸಂದ್ರದಲ್ಲಿ, ದಾಬಸ್‌ಪೇಟೆಯಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಬಾಡಿಗೆಯೋ ಸ್ವಂತವೋ ಅನ್ನುವುದು ಎರಡನೇ ಪ್ರಶ್ನೆ. ನಿಮ್ಮ ಕಾರ್ಖಾನೆಯಿಂದ ಗಂಟೆಗೆ ಎಷ್ಟು ಶಾಖ ಹೊರಗೆ ಹೋಗಬೇಕು, ವರ್ಷದಲ್ಲಿ ಎಷ್ಟು ತಿಂಗಳು ಹೋಗಬೇಕು, ಇನ್ನೆಷ್ಟು ವರ್ಷ ಹೋಗಬೇಕು. ಈ ಮೂರೂ ಗೊತ್ತಾದ ಮೇಲೆ ಬಾಡಿಗೆ-ಸ್ವಂತದ ಉತ್ತರ ಅರ್ಧ ಗಂಟೆಯ ಕೂಡು-ಕಳೆ ಅಷ್ಟೇ. ಗೊತ್ತಿಲ್ಲದೆ ಮಾಡಿದರೆ ಎರಡು ದಾರಿಯಲ್ಲೂ ದುಡ್ಡು ಹೋಗುತ್ತದೆ. ಅದಕ್ಕೇ ಈ ಲೇಖನ. ಉದಾಹರಣೆ ಕರಗಿದ ಪ್ಲಾಸ್ಟಿಕ್ಕನ್ನು ಮೋಲ್ಡ್‌ಗೆ, ಅಂದರೆ ಅಚ್ಚಿಗೆ, ಒತ್ತಿ ತುಂಬುವ ಇಂಜೆಕ್ಷನ್ ಮೋಲ್ಡಿಂಗ್‌ನದು, ಯಾಕೆಂದರೆ ನನ್ನ ಕೈ ಪಳಗಿರುವುದು ಅದರಲ್ಲಿ. ಲೆಕ್ಕದ ದಾರಿ ಮಾತ್ರ ಡೈರಿಗೂ ಒಂದೇ, ಔಷಧಿ ಕಾರ್ಖಾನೆಗೂ ಒಂದೇ.

ಮೊದಲ ಹೆಜ್ಜೆ: ಶಾಖವನ್ನು ಅಳೆಯಿರಿ

ಟನ್ ಅಂದರೆ ಯಂತ್ರದ ತೂಕ ಅಂತ ತಿಳಿದವರು ಈಗಲೂ ಇದ್ದಾರೆ. ಅದು ಮಂಜುಗಡ್ಡೆಯ ಕಾಲದ ಲೆಕ್ಕ. ಒಂದು ಅಮೆರಿಕನ್ ಟನ್, ಅಂದರೆ ಸುಮಾರು 907 ಕೆಜಿ ಮಂಜುಗಡ್ಡೆ 24 ಗಂಟೆಯಲ್ಲಿ ಕರಗುವಾಗ ಎಷ್ಟು ಶಾಖ ಹೀರುತ್ತದೋ ಅದು ಒಂದು ಟನ್. ಗಂಟೆಗೆ 3,024 ಕಿಲೋಕ್ಯಾಲರಿ, ಅಥವಾ 3.517 ಕಿಲೋವಾಟ್. ಒಂದು ಲೀಟರ್ ನೀರು ಒಂದು ಡಿಗ್ರಿ ಬಿಸಿಯಾದರೆ ಒಂದು ಕಿಲೋಕ್ಯಾಲರಿ ಶಾಖ ಹೊತ್ತುಕೊಂಡಿತು ಅಂತ ಅರ್ಥ. ಇಷ್ಟು ಗೊತ್ತಿದ್ದರೆ ನಿಮ್ಮ ಶೆಡ್‌ನ ಶಾಖವನ್ನು ನೀವೇ ಅಳೆಯಬಹುದು.

ಬೇಕಾಗುವುದು ಒಂದು 20 ಲೀಟರಿನ ಪೇಂಟ್ ಬಕೆಟ್, ಮೊಬೈಲಿನ ಸ್ಟಾಪ್‌ವಾಚ್, ಎರಡು ಡಿಜಿಟಲ್ ಥರ್ಮಾಮೀಟರ್. ಮೊದಲು ಎರಡೂ ಥರ್ಮಾಮೀಟರನ್ನು ಒಂದೇ ಲೋಟದ ನೀರಿಗೆ ಅದ್ದಿ ನೋಡಿ. ಒಂದು 24.0 ತೋರಿಸಿ ಇನ್ನೊಂದು 25.0 ತೋರಿಸಿದರೆ ಆ ವ್ಯತ್ಯಾಸವನ್ನು ಬರೆದಿಟ್ಟುಕೊಂಡು ಆಮೇಲೆ ಕಳೆಯಿರಿ. ಇದು ಸಣ್ಣ ವಿಷಯ ಅಲ್ಲ. ನೀವು ಅಳೆಯಲು ಹೊರಟಿರುವುದೇ ಐದು ಡಿಗ್ರಿಯ ವ್ಯತ್ಯಾಸವನ್ನು. ಅದರಲ್ಲಿ ಒಂದು ಡಿಗ್ರಿ ತಪ್ಪಿದರೆ ಐದನೇ ಒಂದು ಭಾಗದಷ್ಟು ಯಂತ್ರ ಜಾಸ್ತಿಯೋ ಕಮ್ಮಿಯೋ ಆಗಿಬಿಡುತ್ತದೆ.

ಸಣ್ಣ ಶೆಡ್‌ಗಳಲ್ಲಿ ಮೋಲ್ಡ್‌ನಿಂದ ಬರುವ ರಿಟರ್ನ್ ನೀರು ತೆರೆದ ಟ್ಯಾಂಕಿಗೆ ಬೀಳುತ್ತದೆ. ಆ ಪೈಪಿನ ಬಾಯಿಗೆ ಬಕೆಟ್ ಹಿಡಿಯಿರಿ. ಎಲ್ಲ ಮಷಿನ್‌ಗಳೂ ಓಡುತ್ತಿರಬೇಕು. ಮಧ್ಯಾಹ್ನ ಎರಡರಿಂದ ಮೂರರ ನಡುವೆ ಆದರೆ ಒಳ್ಳೆಯದು. ಒಂದೇ ದಿನ ಅಳೆದು ಬಿಡಬೇಡಿ, ಮೂರು ದಿನ ಅಳೆಯಿರಿ.

ಗೆಳೆಯರ ಶೆಡ್‌ಗೆ ನಾನೇ ಹೋಗಿ ಹಿಡಿದೆ. ಅವರಲ್ಲಿ ಎರಡು ಸಾಲು ಇತ್ತು. ಮೋಲ್ಡ್‌ನಿಂದ ಬರುವುದು ಒಂದು, ಹೈಡ್ರಾಲಿಕ್ ಆಯಿಲ್ ಕೂಲರ್‌ನಿಂದ ಬರುವುದು ಇನ್ನೊಂದು. ಎರಡಕ್ಕೂ ಹೋಗುವ ನೀರು 12 ಡಿಗ್ರಿ.

ಮೋಲ್ಡ್ ಸಾಲು: ಬಕೆಟ್ 8 ಸೆಕೆಂಡಿನಲ್ಲಿ ತುಂಬಿತು. ಅಂದರೆ ನಿಮಿಷಕ್ಕೆ 150 ಲೀಟರ್. ಬರುವಾಗ 17 ಡಿಗ್ರಿ, ವ್ಯತ್ಯಾಸ 5. ಲೆಕ್ಕ: 150 × 60 × 5 = 45,000 ಕಿಲೋಕ್ಯಾಲರಿ. ಅದನ್ನು 3,024ರಿಂದ ಭಾಗಿಸಿದರೆ ಹತ್ತಿರ ಹತ್ತಿರ 15 ಟನ್.

ಆಯಿಲ್ ಸಾಲು: 10 ಸೆಕೆಂಡು. ನಿಮಿಷಕ್ಕೆ 120 ಲೀಟರ್, ವ್ಯತ್ಯಾಸ 4 ಡಿಗ್ರಿ. 120 × 60 × 4 = 28,800. ಅಂದರೆ ಒಂಬತ್ತೂವರೆ ಟನ್.

ಎರಡೂ ಸೇರಿ ಇಪ್ಪತ್ತನಾಲ್ಕೂವರೆ. ಸ್ವಲ್ಪ ಮೇಲೆ ಇರಲಿ ಅಂದರೆ ಮೂವತ್ತು. ಪಕ್ಕದ ಶೆಡ್‌ನವರ ಲೆಕ್ಕ ಸರಿಯೇ ಇತ್ತು ಅಂತ ಗೆಳೆಯರ ಮುಖ ಅರಳಿತು.

ಎರಡನೇ ಹೆಜ್ಜೆ: ಚಿಲ್ಲರ್ ಬೇಡದ ಕೆಲಸವನ್ನು ಚಿಲ್ಲರ್‌ನಿಂದ ತೆಗೆಯಿರಿ

ಇಲ್ಲಿ ನಿಂತು ಯೋಚನೆ ಮಾಡಬೇಕು. ಹೈಡ್ರಾಲಿಕ್ ಆಯಿಲ್ 45ರಿಂದ 50 ಡಿಗ್ರಿಯಲ್ಲಿ ಇದ್ದರೆ ಸಾಕು. ಅದನ್ನು ಅಲ್ಲಿ ಇಡುವುದಕ್ಕೆ 28-30 ಡಿಗ್ರಿಯ ನೀರು ಧಾರಾಳ. ಅಂಥ ನೀರನ್ನು ಕೂಲಿಂಗ್ ಟವರ್ ಕೊಡುತ್ತದೆ. ಟವರ್‌ಗೆ ಕಂಪ್ರೆಸರ್ ಇಲ್ಲ, ಗ್ಯಾಸ್ ಇಲ್ಲ. ಒಂದು ಫ್ಯಾನು, ಒಂದು ಪಂಪು. 12 ಡಿಗ್ರಿಗೆ ಇಳಿಸಿದ ದುಬಾರಿ ನೀರಿನಿಂದ ಆಯಿಲ್ ತಣ್ಣಗೆ ಮಾಡುವುದು ಅಂದರೆ ಕುಡಿಯುವ ಕ್ಯಾನ್ ನೀರಲ್ಲಿ ಅಂಗಳ ತೊಳೆದ ಹಾಗೆ.

ಟವರ್ ನೀರನ್ನು ಆವಿ ಮಾಡಿ ತಣ್ಣಗಾಗುತ್ತದೆ. ಆದ್ದರಿಂದ ಗಾಳಿ ಒಣಗಿದ್ದಷ್ಟೂ ಒಳ್ಳೆಯದು. ಬೆಂಗಳೂರಿನ ಮಾರ್ಚ್-ಏಪ್ರಿಲ್‌ನಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಮಂಗಳೂರಿನ ಸೆಕೆಯಲ್ಲಿ ಅದೇ ಟವರ್ ಅಷ್ಟು ಇಳಿಸುವುದಿಲ್ಲ. ನೀರು ಬೇಕು ಅನ್ನುವುದೂ ನಿಜ. 2024ರ ಮಾರ್ಚ್‌ನಲ್ಲಿ ಬೋರ್‌ವೆಲ್ ಬತ್ತಿ ಟ್ಯಾಂಕರ್‌ಗೆ ಕಾದವರಿಗೆ ಅದು ಮರೆತಿರಲಾರದು. ಒಂಬತ್ತೂವರೆ ಟನ್ ಶಾಖಕ್ಕೆ ಗಂಟೆಗೆ ಸುಮಾರು 50 ಲೀಟರ್ ಆವಿಯಾಗುತ್ತದೆ. ಉಪ್ಪು ಸೇರಿಕೊಳ್ಳದ ಹಾಗೆ ಆಗಾಗ ಬಿಟ್ಟುಕೊಡುವ ನೀರು ಬೇರೆ. ಇದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಆಯಿಲ್ ಸಾಲನ್ನು ಟವರ್‌ಗೆ ಕೊಟ್ಟ ಮೇಲೆ ಗೆಳೆಯರಿಗೆ ಉಳಿದಿದ್ದು 15 ಟನ್. ಅದರ ಮೇಲೆ ಶೇ. 20 ಇಟ್ಟರೂ 18. ಮಾರುಕಟ್ಟೆಯಲ್ಲಿ ಸಿಗುವ 20 ಟನ್ನಿನ ಯಂತ್ರ ಸಾಕು. ಮೂವತ್ತರ ಕೊಟೇಶನ್ ಕಸದ ಬುಟ್ಟಿಗೆ.

ಇಲ್ಲೊಂದು ಎಚ್ಚರಿಕೆ. ಕ್ಯಾಟಲಾಗ್‌ನಲ್ಲಿ 20 ಟನ್ ಅಂತ ಬರೆದಿರುವುದು ಯಾವ ಉಷ್ಣಾಂಶಕ್ಕೆ ಅಂತ ಕೇಳಿ. ಸಾಮಾನ್ಯವಾಗಿ ಹೊರಗೆ 35 ಡಿಗ್ರಿ, ಯಂತ್ರದಿಂದ ಹೊರಡುವ ತಣ್ಣನೆಯ ನೀರು 7 ಡಿಗ್ರಿ ಅಂತ ಇರುತ್ತದೆ. ನಿಮಗೆ 12 ಡಿಗ್ರಿ ನೀರು ಸಾಕಾದರೆ ಅದೇ ಯಂತ್ರ ಇನ್ನೂ ಜಾಸ್ತಿ ಕೊಡುತ್ತದೆ. ಆದರೆ ರಾಯಚೂರು, ಕಲಬುರಗಿಯಲ್ಲಿ ಮೇ ತಿಂಗಳಲ್ಲಿ ಗಾಳಿಯೇ 42 ಡಿಗ್ರಿ ಇದ್ದಾಗ ಕಮ್ಮಿ ಕೊಡುತ್ತದೆ, ಹೈ ಪ್ರೆಶರ್‌ನಲ್ಲಿ ಟ್ರಿಪ್ ಆಗುತ್ತಲೇ ಇರುತ್ತದೆ. ಬೆಂಗಳೂರಿನಲ್ಲೂ ಶೀಟ್ ಚಾವಣಿಯ ಕೆಳಗೆ, ಗೋಡೆಗೆ ಒತ್ತಿ ನಿಲ್ಲಿಸಿದರೆ ಯಂತ್ರಕ್ಕೆ ಸಿಗುವ ಗಾಳಿ ರಾಯಚೂರಿನದೇ.

ಮೂರನೇ ಹೆಜ್ಜೆ: ತಿಂಗಳುಗಳನ್ನೂ ವರ್ಷಗಳನ್ನೂ ಎಣಿಸಿ

ವರ್ಷಕ್ಕೆ ಎಷ್ಟು ತಿಂಗಳು ಬೇಕು? ಗೋಡೆ ದಪ್ಪ ಇರುವ ಸಾಮಾನು ಮಾಡುವ ಕೆಲವರು ಡಿಸೆಂಬರ್-ಜನವರಿಯಲ್ಲಿ ಬರೀ ಟವರ್ ನೀರಲ್ಲೇ ನಡೆಸುತ್ತಾರೆ. ಅವರಿಗೆ ಚಿಲ್ಲರ್ ಬೇಕಾಗುವುದು ಬೇಸಿಗೆಗೆ ಮಾತ್ರ. ಮುಚ್ಚಳ ಮಾಡುವವರ ಕಥೆ ಬೇರೆ. ತೆಳ್ಳಗಿನ ಮಾಲು, ಒಂದು ಸಲ ಅಚ್ಚು ತುಂಬಿ ತೆಗೆಯುವ ಹೊತ್ತು, ಅಂದರೆ ಸೈಕಲ್ ಟೈಮ್, ಸೆಕೆಂಡು ಲೆಕ್ಕದ್ದು. ನೀರು ಮೂರು ಡಿಗ್ರಿ ಏರಿದರೆ ಪ್ರತಿ ಶಾಟ್‌ಗೂ ಕೂಲಿಂಗ್ ಟೈಮ್ ಹೆಚ್ಚಿಸಬೇಕು, ಇಲ್ಲದಿದ್ದರೆ ಮುಚ್ಚಳ ಸೊಟ್ಟಗಾಗುತ್ತದೆ.

ಇನ್ನೆಷ್ಟು ವರ್ಷ ಬೇಕು? ಇದನ್ನು ಯಾರೂ ಕೇಳಿಕೊಳ್ಳುವುದಿಲ್ಲ. ಉತ್ತರವನ್ನು ತಿರುಗಿಸುವುದು ಮಾತ್ರ ಇದೇ. ಒಬ್ಬನೇ ಗಿರಾಕಿಯ ಒಂದು ವರ್ಷದ ಆರ್ಡರ್ ನಂಬಿ ಕೊಳ್ಳುತ್ತಿದ್ದೀರಾ? ಶೆಡ್ಡೇ ಬಾಡಿಗೆಯದು, ಕರಾರು ಇನ್ನು 11 ತಿಂಗಳು ಇದೆಯಾ?

ಗೆಳೆಯರ ಜೊತೆ ಕೂತು ಹಾಕಿದ ಲೆಕ್ಕವನ್ನೇ ಕೊಡುತ್ತೇನೆ. ಬೆಲೆಗಳು ಲೆಕ್ಕ ತೋರಿಸಲು ಹಿಡಿದವು. ನಿಮ್ಮ ಕೊಟೇಶನ್‌ನ ಅಂಕಿ ಹಾಕಿಕೊಳ್ಳಿ.

20 ಟನ್ನಿನ ಏರ್ ಕೂಲ್ಡ್ (ಶಾಖವನ್ನು ಗಾಳಿಗೆ ಬಿಡುವ) ಯಂತ್ರ 9 ಲಕ್ಷ. ಫೌಂಡೇಷನ್, ಪೈಪು, ಪಂಪು, ಕೇಬಲ್, ಪ್ಯಾನೆಲ್ ಸೇರಿ 2 ಲಕ್ಷ. ಒಟ್ಟು 11 ಲಕ್ಷ. ಬ್ಯಾಂಕ್ ಬಡ್ಡಿ ಶೇ. 11. ಬಾಡಿಗೆಗೆ ತಂದರೆ ತಿಂಗಳಿಗೆ 55,000. ಲಾರಿ, ಹೈಡ್ರಾ ಕ್ರೇನ್, ಜೋಡಣೆ, ಮತ್ತೆ ವಾಪಸ್ ಕಳಿಸುವುದು ಎಲ್ಲ ಸೇರಿ ಒಂದು ಸಲಕ್ಕೆ 45,000.

ಯಂತ್ರ ಹತ್ತು ವರ್ಷ ಓಡುತ್ತದೆ, ಕೊನೆಗೆ ಸ್ಕ್ರಾಪ್‌ಗೆ ಒಂದೂವರೆ ಲಕ್ಷ ಬರುತ್ತದೆ ಅನ್ನೋಣ. ಸವೆತ ವರ್ಷಕ್ಕೆ 95,000. ಸಿಕ್ಕಿಹಾಕಿಕೊಂಡ ದುಡ್ಡಿನ ಬಡ್ಡಿ, ಮೊದಲಿನ 11 ಮತ್ತು ಕೊನೆಯ ಒಂದೂವರೆ ಲಕ್ಷದ ಸರಾಸರಿ 6.25 ಲಕ್ಷದ ಮೇಲೆ, ಸುಮಾರು 69,000. ಸರ್ವಿಸ್, ಬಿಡಿಭಾಗ 50,000. ಒಟ್ಟು ವರ್ಷಕ್ಕೆ 2.14 ಲಕ್ಷ. ಇದರಲ್ಲಿ ಬಾಡಿಗೆಯ ಸಾಗಾಟ ಖರ್ಚು 45,000 ಕಳೆದು, ಉಳಿದಿದ್ದನ್ನು 55,000ದಿಂದ ಭಾಗಿಸಿ. ಮೂರು ಬರುತ್ತದೆ. ಅಂದರೆ ವರ್ಷಕ್ಕೆ ಮೂರು ತಿಂಗಳಿಗಿಂತ ಜಾಸ್ತಿ ಬೇಕಾದರೆ ಸ್ವಂತದ್ದೇ ಅಗ್ಗ.

ಈಗ ಅದೇ ಯಂತ್ರವನ್ನು ಮೂರು ವರ್ಷಕ್ಕೆ ಮಾರಬೇಕಾಗಿ ಬಂತು, 4 ಲಕ್ಷ ಸಿಕ್ಕಿತು ಅನ್ನಿ. ಪೈಪು, ಫೌಂಡೇಷನ್‌ಗೆ ಹಾಕಿದ್ದು ವಾಪಸ್ ಬರುವುದಿಲ್ಲ, ನೆನಪಿರಲಿ. ಸವೆತ ವರ್ಷಕ್ಕೆ 2.33 ಲಕ್ಷ, ಬಡ್ಡಿ 82,500, ಸರ್ವಿಸ್ 50,000. ಒಟ್ಟು 3.66 ಲಕ್ಷ. ಈಗ ಸಮವಾಗುವುದು ಆರು ತಿಂಗಳಿಗೆ ಹತ್ತಿರ.

ಒಂದೇ ವರ್ಷಕ್ಕೆ ಮಾರಬೇಕಾದರೆ? 6 ಲಕ್ಷ ಸಿಕ್ಕರೂ ಆ ವರ್ಷದ ಖರ್ಚು 6 ಲಕ್ಷ ದಾಟುತ್ತದೆ. ಹತ್ತಿರ ಹತ್ತಿರ ಹನ್ನೊಂದು ತಿಂಗಳು ಓಡಿಸಿದರೆ ಮಾತ್ರ ಬಾಡಿಗೆಗೆ ಸಮ.

ಮೂರು, ಆರು, ಹನ್ನೊಂದು. ಯಂತ್ರ ಅದೇ, ಬಾಡಿಗೆಯೂ ಅದೇ. ನೀವು ಎಷ್ಟು ವರ್ಷ ಇರುತ್ತೀರಿ ಅನ್ನುವುದಷ್ಟೇ ಬದಲಾಗಿದ್ದು. ನನ್ನ ಅಭಿಪ್ರಾಯ ಕೇಳಿದರೆ, ಆರ್ಡರ್ ಮೂರು ವರ್ಷ ಗಟ್ಟಿ ಇಲ್ಲದವರು ಮೊದಲ ವರ್ಷ ಕೊಳ್ಳಬಾರದು. ಬಾಡಿಗೆ ದುಬಾರಿ ಅನ್ನಿಸಿದರೂ ಅದು ನಿಮ್ಮ ಅನುಮಾನಕ್ಕೆ ಕಟ್ಟುವ ವಿಮೆ.

ನಾಲ್ಕನೇ ಹೆಜ್ಜೆ: ಕರೆಂಟ್ ಬಿಲ್ ಸೇರಿಸಿ, ಲೆಕ್ಕ ಮತ್ತೆ ಹಾಕಿ

15 ಟನ್ ಶಾಖ. ಒಳ್ಳೆಯ ಏರ್ ಕೂಲ್ಡ್ ಯಂತ್ರ ಟನ್ನಿಗೆ ಸುಮಾರು 1.2 ಕಿಲೋವಾಟ್ ತೆಗೆದುಕೊಳ್ಳುತ್ತದೆ. 18 ಕಿಲೋವಾಟ್ ಆಯಿತು. ದಿನಕ್ಕೆ 20 ಗಂಟೆ, ತಿಂಗಳಿಗೆ 26 ದಿನ, ವರ್ಷಕ್ಕೆ 6,240 ಗಂಟೆ. ಯೂನಿಟ್ 1,12,320. ಯೂನಿಟ್‌ಗೆ 8 ರೂಪಾಯಿ ಹಿಡಿದರೆ ಹತ್ತಿರ ಹತ್ತಿರ 9 ಲಕ್ಷ.

ಯಂತ್ರದ ಬೆಲೆಯೂ 9 ಲಕ್ಷ ಅಲ್ವಾ? ಅಂದರೆ ಪ್ರತಿ ವರ್ಷ ಒಂದು ಹೊಸ ಚಿಲ್ಲರ್‌ನ ದುಡ್ಡು ಕರೆಂಟಿಗೆ ಹೋಗುತ್ತದೆ. ಕೊಳ್ಳುವಾಗ 40,000 ಕಮ್ಮಿ ಮಾಡಿಸಲು ವಾರಗಟ್ಟಲೆ ಚೌಕಾಸಿ ಮಾಡುವವರು ಈ ಸಾಲನ್ನು ನೋಡುವುದೇ ಇಲ್ಲ. ನನಗೆ ನಿಜಕ್ಕೂ ನೋವಾಗುವುದು ಇಲ್ಲೇ.

ಬಾಡಿಗೆಗೆ ಬರುವ ಯಂತ್ರ ಹಳೆಯದಾಗಿರುವುದೇ ಹೆಚ್ಚು. ಕಾಯಿಲ್‌ನ ಫಿನ್‌ಗಳು ಬಾಗಿರುತ್ತವೆ, ಒಳಗೆ ಸುಣ್ಣ ಕಟ್ಟಿರುತ್ತದೆ. ಅದು ಟನ್ನಿಗೆ 1.5 ಕಿಲೋವಾಟ್ ಎಳೆದರೆ 22.5 ಕಿಲೋವಾಟ್. ಹೆಚ್ಚಿನ ನಾಲ್ಕೂವರೆ ಕಿಲೋವಾಟ್‌ಗೆ ತಿಂಗಳಿಗೆ 18,720 ರೂಪಾಯಿ. ಅಲ್ಲಿಗೆ 55,000ದ ಬಾಡಿಗೆ ನಿಜವಾಗಿ ಹತ್ತಿರ 74,000 ಆಯಿತು.

ಇದನ್ನು ಕಂಡುಹಿಡಿಯುವುದು ಕಷ್ಟವಲ್ಲ. ಬಾಡಿಗೆ ಯಂತ್ರಕ್ಕೆ ಪ್ರತ್ಯೇಕ ಎನರ್ಜಿ ಮೀಟರ್ ಹಾಕಿಸಿ. ಒಂದು ಗಂಟೆಯ ಯೂನಿಟ್ ಬರೆದುಕೊಳ್ಳಿ. ಅದೇ ಗಂಟೆಯಲ್ಲಿ ಬಕೆಟ್ ಹಿಡಿದು ಟನ್ ಲೆಕ್ಕ ಹಾಕಿ. ಯೂನಿಟ್ಟನ್ನು ಟನ್‌ನಿಂದ ಭಾಗಿಸಿ. ಬಂದ ಅಂಕಿ ಒಂದೂಕಾಲರ ಆಸುಪಾಸು ಇದ್ದರೆ ಇಟ್ಟುಕೊಳ್ಳಿ. ಒಂದೂವರೆ ದಾಟಿದರೆ ಕಾಯಿಲ್ ತೊಳೆಸಿ ಮತ್ತೆ ಅಳೆಯಿರಿ. ಆಗಲೂ ಇಳಿಯದಿದ್ದರೆ ಬೇರೆ ಯಂತ್ರ ಕೇಳಿ. ಕರಾರಿನಲ್ಲಿ ಈ ಮಾತು ಮೊದಲೇ ಬರೆಸಿಕೊಂಡಿದ್ದರೆ ಜಗಳವಿಲ್ಲದೆ ಆಗುತ್ತದೆ.

ಬೆಸ್ಕಾಂ ಮಂಜೂರು ಮಾಡಿದ ಲೋಡ್‌ನಲ್ಲಿ ಈ ಹೆಚ್ಚುವರಿ 20-25 ಕಿಲೋವಾಟ್‌ಗೆ ಜಾಗ ಇದೆಯಾ ನೋಡಿಕೊಳ್ಳಿ. ಬಾಡಿಗೆಯದೋ ಸ್ವಂತದ್ದೋ ಮೀಟರ್‌ಗೆ ಗೊತ್ತಾಗುವುದಿಲ್ಲ. ಡೀಸೆಲ್ ಜನರೇಟರ್ ಕೂಡ ಕಂಪ್ರೆಸರ್ ಸ್ಟಾರ್ಟ್ ಆಗುವ ಹೊಡೆತ ತಡೆಯಬೇಕು.

ಐದನೇ ಹೆಜ್ಜೆ: ಬಾಡಿಗೆಯಾದರೆ ಕಾಗದ ಗಟ್ಟಿ ಇರಲಿ

2016ರ ಏಪ್ರಿಲ್ ಅನ್ನು ಬೆಂಗಳೂರಿನವರು ಮರೆಯಲಾರರು. 24ನೇ ತಾರೀಖು 39.2 ಡಿಗ್ರಿ ಮುಟ್ಟಿತ್ತು. ಆ ಬೇಸಿಗೆಯಲ್ಲಿ ನಾನು ಮೈಂಟೆನೆನ್ಸ್ ನೋಡುತ್ತಿದ್ದ ಕಾರ್ಖಾನೆಯಲ್ಲಿ ಒಂದು ರಾತ್ರಿ ಒಂದು ಫೇಸ್ ಹೋಯಿತು. ಫೇಸ್ ಹೋದರೆ ಯಂತ್ರವನ್ನು ನಿಲ್ಲಿಸಬೇಕಾದ ಫೇಸ್ ಪ್ರಿವೆಂಟರ್ ಕೆಲಸ ಮಾಡಲಿಲ್ಲ. ಕಂಪ್ರೆಸರ್ ಸುಟ್ಟುಹೋಯಿತು. ಬೆಳಿಗ್ಗೆಯಿಂದ ಫೋನ್ ಮಾಡಿ ಮಾಡಿ, ರಾತ್ರಿ ಹನ್ನೊಂದಕ್ಕೆ ಬಾಡಿಗೆ ಚಿಲ್ಲರ್ ಬಂತು. ಹೈಡ್ರಾ ಇಳಿಸಿ ಹೊರಟುಹೋಯಿತು. ಆಮೇಲೆ ನೋಡಿದರೆ ಅವರ ಪೈಪಿನ ಬಾಯಿ ಬೋಲ್ಟ್ ಹಾಕಿ ಕೂಡಿಸುವ ಫ್ಲ್ಯಾಂಜ್, ನಮ್ಮದು ತಿರುಗಿಸಿ ಕೂರಿಸುವ ತ್ರೆಡ್. ಹೋಸ್ ತಂದಿಲ್ಲ. ಕೇಬಲ್ ಹತ್ತು ಮೀಟರ್, ಪ್ಯಾನೆಲ್ ಇರುವುದು ಇಪ್ಪತ್ತೈದು ಮೀಟರ್ ದೂರ. ಯಂತ್ರ ಕಣ್ಣ ಮುಂದೆ ನಿಂತಿದೆ, ಇಡೀ ರಾತ್ರಿ ಮಷಿನ್ ಬಂದ್. ಬೆಳಿಗ್ಗೆ ಒಂಬತ್ತಕ್ಕೆ ಹಾರ್ಡ್‌ವೇರ್ ಅಂಗಡಿ ಬಾಗಿಲು ತೆಗೆಯುವವರೆಗೆ ನಾನು ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದೆ.

ಅದಕ್ಕಿಂತ ದೊಡ್ಡ ನಷ್ಟ ಆಮೇಲೆ ಆಗಿದ್ದು. ಒಂದು ತಿಂಗಳಿಗೆ ಅಂತ ತಂದ ಯಂತ್ರ ಏಳು ತಿಂಗಳು ನಿಂತಿತು. ಹಳೆಯದನ್ನು ರಿಪೇರಿ ಮಾಡಿಸೋಣವೋ, ಹೊಸದು ಕೊಳ್ಳೋಣವೋ, "ಮುಂದಿನ ತಿಂಗಳು ನೋಡೋಣ" ಅಂತ ಎಲ್ಲರೂ ಅಂದುಕೊಂಡು ಸುಮ್ನೆ ಇದ್ದೆವು. ಯಂತ್ರ ಚೆನ್ನಾಗಿ ಓಡುತ್ತಿದ್ದರೆ ಯಾರಿಗೂ ಅವಸರವಿಲ್ಲ. ಬಾಡಿಗೆಯ ಬಿಲ್ ಮಾತ್ರ ತಪ್ಪದೆ ಬರುತ್ತಿತ್ತು. ಅಂದಿನಿಂದ ನಾನು ಒಂದು ಕೆಲಸ ಮಾಡುತ್ತೇನೆ. ಬಾಡಿಗೆ ಯಂತ್ರ ಇಳಿದ ದಿನವೇ, ವಾಪಸ್ ಹೋಗಬೇಕಾದ ತಾರೀಖನ್ನು ದೊಡ್ಡ ಅಕ್ಷರದಲ್ಲಿ ಬರೆದು ಅದರ ಮೈಗೆ ಅಂಟಿಸುತ್ತೇನೆ. ಮಾಲೀಕರಿಗೂ ಕಾಣಬೇಕು, ನನಗೂ ಕಾಣಬೇಕು.

ಕರಾರಿನಲ್ಲಿ ಇವು ಇರಲೇಬೇಕು:

– ಕನಿಷ್ಠ ಎಷ್ಟು ತಿಂಗಳು, ಮುಂಚೆ ಬಿಟ್ಟರೆ ಎಷ್ಟು ಕಟ್ಟಬೇಕು, ಡೆಪಾಸಿಟ್ ಯಾವಾಗ ವಾಪಸ್.
– ಪಂಪು, ಹೋಸ್, ಕೇಬಲ್ ಬಾಡಿಗೆಯಲ್ಲಿ ಸೇರಿದೆಯಾ. ಪೈಪಿನ ಅಳತೆ, ಫ್ಲ್ಯಾಂಜೋ ತ್ರೆಡ್ಡೋ. ಫೋಟೋ ತರಿಸಿಕೊಳ್ಳಿ.
– ಲಾರಿ, ಹೈಡ್ರಾ ಖರ್ಚು ಬರುವಾಗ ಯಾರದು, ಹೋಗುವಾಗ ಯಾರದು.
– ಕೆಟ್ಟರೆ ಎಷ್ಟು ಗಂಟೆಯಲ್ಲಿ ಮೆಕ್ಯಾನಿಕ್ ಬರುತ್ತಾರೆ. ಭಾನುವಾರ? ರಾತ್ರಿ ಪಾಳಿಗೆ? ನಿಂತ ದಿನದ ಬಾಡಿಗೆ ಕಡಿತ ಇದೆಯಾ.
– ಗ್ಯಾಸ್ ಸೋರಿದರೆ ತುಂಬಿಸುವುದು ಯಾರು. ಕಂಪ್ರೆಸರ್ ಸುಟ್ಟರೆ ಯಾರ ತಲೆಗೆ. ನೀರು ತಣ್ಣಗಾಗುವ ಭಾಗ, ಅಂದರೆ ಇವಾಪರೇಟರ್, ಹೆಪ್ಪುಗಟ್ಟಿ ಒಡೆದರೆ?
– ದಿನಕ್ಕೆ ಎಷ್ಟು ಗಂಟೆ ಓಡಿಸಬಹುದು. 12 ಗಂಟೆಗೆ ಬಾಡಿಗೆ ಹೇಳಿ, ಅದಕ್ಕಿಂತ ಹೆಚ್ಚು ಓಡಿಸಿದರೆ ಬೇರೆ ದರ ಅನ್ನುವವರಿದ್ದಾರೆ.
– ವಿಮೆ ಯಾರ ಹೆಸರಲ್ಲಿ.

ಇದರಲ್ಲಿ ಕಂಪ್ರೆಸರ್‌ನ ಸಾಲನ್ನು ಮಾತ್ರ ಎರಡು ಸಲ ಓದಿ. "ವಿದ್ಯುತ್ ದೋಷದಿಂದ ಆದ ಹಾನಿ ಬಾಡಿಗೆದಾರರದು" ಅಂತ ಸಾಮಾನ್ಯವಾಗಿ ಇರುತ್ತದೆ. ಹಾಗಿದ್ದರೆ ಫೇಸ್ ಪ್ರಿವೆಂಟರ್ ಕೆಲಸ ಮಾಡುತ್ತದೆ ಅಂತ ಅವರ ಮೆಕ್ಯಾನಿಕ್ ಎದುರಿಗೇ ಒಂದು ಫ್ಯೂಸ್ ತೆಗೆಸಿ ನೋಡಿ, ಸಹಿ ಹಾಕಿಸಿಕೊಳ್ಳಿ. ಸ್ಕ್ರಾಲ್ ಕಂಪ್ರೆಸರ್ ಆದರೆ ಫೇಸ್ ಅದಲುಬದಲಾದರೂ ಉಲ್ಟಾ ತಿರುಗಿ ಹಾಳಾಗುತ್ತದೆ. ಬಂದ ದಿನ ನಾಲ್ಕೂ ಕಡೆಯಿಂದ ಫೋಟೋ, ಅವರ್ ಮೀಟರ್‌ನ ಫೋಟೋ ತೆಗೆದಿಡಿ. ಡೆಲಿವರಿ ಚಲನ್, ಇ-ವೇ ಬಿಲ್ ಕಾಪಿ ಫೈಲ್‌ನಲ್ಲಿರಲಿ.

ನೀರಿನ ವಿಷಯಕ್ಕೂ ಒಂದು ಮಾತು. ಚಿಲ್ಲರ್ ಸಾಲಿನ ನೀರು ಆವಿಯಾಗುವುದಿಲ್ಲ, ಸುತ್ತುತ್ತಲೇ ಇರುತ್ತದೆ. ಆದ್ದರಿಂದ ಒಂದೇ ಸಲ ಸಾಫ್ಟ್ ನೀರು ತುಂಬಿಸಿದರೆ ಬಹಳ ದಿನ ಬರುತ್ತದೆ. ಗಡಸು ಬೋರ್‌ವೆಲ್ ನೀರನ್ನು ನೇರವಾಗಿ ತುಂಬಿಸಿ ಬಾಡಿಗೆ ಯಂತ್ರದಲ್ಲಿ ಸುಣ್ಣ ಕಟ್ಟಿಸಿದರೆ ಡೆಪಾಸಿಟ್ ಮರೆತುಬಿಡಿ.

ಆರನೇ ಹೆಜ್ಜೆ: ಕೊಳ್ಳುವುದಾದರೆ ಗ್ಯಾಸ್ ಯಾವುದು ಅಂತ ಕೇಳಿ

ಹೊಸದು ಕೊಳ್ಳುವವರಿಗಿಂತ ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇದನ್ನು ಓದಬೇಕು. ಆರ್-22 ಗ್ಯಾಸಿನ ಹಳೆ ಯಂತ್ರಗಳು ಈಗ ಅಗ್ಗಕ್ಕೆ ಸಿಗುತ್ತವೆ. ಸುಮ್ನೆ ಅಗ್ಗವಾಗಿಲ್ಲ. ಓಝೋನ್ ಪದರ ಉಳಿಸಲು ಆದ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಭಾರತದಂಥ ದೇಶಗಳು 2030ರ ಹೊತ್ತಿಗೆ ಇದರ ಬಳಕೆ ನಿಲ್ಲಿಸಬೇಕು. ಆಮೇಲೆ 2040ರವರೆಗೆ ಹಳೆ ಯಂತ್ರಗಳ ಸರ್ವಿಸ್‌ಗೆ ಅಂತ ಸ್ವಲ್ಪ ಮಾತ್ರ. ಹತ್ತು ವರ್ಷದ ಲೆಕ್ಕ ಹಾಕಿ ಅಂಥ ಯಂತ್ರ ಕೊಂಡರೆ ಲೆಕ್ಕ ಅರ್ಧಕ್ಕೇ ಮುರಿಯುತ್ತದೆ. "ಆಮೇಲೆ 410 ತುಂಬಿಸಿದರಾಯಿತು" ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಆರ್-410ಎ ಒತ್ತಡ ಆರ್-22ಗಿಂತ ಒಂದೂವರೆ ಪಟ್ಟಿಗೂ ಜಾಸ್ತಿ, ಎಣ್ಣೆಯೂ ಬೇರೆ. ಹಳೆ ಯಂತ್ರದ ಕಾಯಿಲ್ ಅದಕ್ಕೆ ಕಟ್ಟಿದ್ದಲ್ಲ.

ಆರ್-410ಎ, ಆರ್-407ಸಿ, ಆರ್-134ಎ ಇವೆಲ್ಲ ಓಝೋನ್‌ಗೆ ತೊಂದರೆ ಕೊಡುವುದಿಲ್ಲ, ಆದರೆ ಭೂಮಿಯ ಬಿಸಿ ಏರಿಸುತ್ತವೆ. ಇವನ್ನು ಕಮ್ಮಿ ಮಾಡಲು ಅದೇ ಮಾಂಟ್ರಿಯಲ್ ಒಪ್ಪಂದಕ್ಕೆ ತಂದ ಕಿಗಾಲಿ ತಿದ್ದುಪಡಿಗೆ ಭಾರತ 2021ರಲ್ಲಿ ಒಪ್ಪಿಗೆ ಕೊಟ್ಟಿದೆ. 2028ಕ್ಕೆ ಬಳಕೆಗೆ ಮಿತಿ ಬೀಳುತ್ತದೆ, 2032ರಿಂದ ಇಳಿಕೆ ಶುರು. ಈಗ ಕೊಂಡ ಯಂತ್ರದ ಆಯುಸ್ಸಿನ ಒಳಗೇ ಇದು ಬರುತ್ತದೆ, ಆದರೆ ಗ್ಯಾಸ್ ಒಮ್ಮೆಗೇ ಮಾಯವಾಗುವುದಿಲ್ಲ. ಕೊಳ್ಳಲು ಹೆದರಬೇಕಿಲ್ಲ. ಸೋರದ ಹಾಗೆ ನೋಡಿಕೊಂಡರೆ ಸಾಕು.

ಒಂದು 20 ಟನ್ನಿನ ಬದಲು ಎರಡು 10 ಟನ್ನಿನದು, ಅಥವಾ ಒಂದೇ ಯಂತ್ರದಲ್ಲಿ ಎರಡು ಬೇರೆ ಬೇರೆ ಸರ್ಕಿಟ್ ಇರುವುದು ತೆಗೆದುಕೊಳ್ಳಿ ಅಂತ ನಾನು ಯಾವಾಗಲೂ ಹೇಳುತ್ತೇನೆ. ಸ್ವಲ್ಪ ದುಬಾರಿ. ಒಂದು ಕೆಟ್ಟ ದಿನ ಇನ್ನೊಂದರಲ್ಲಿ ಎರಡು ಮಷಿನ್ನಾದರೂ ಓಡುತ್ತವೆ.

ತೆರಿಗೆ ಚುಟುಕಾಗಿ. ಯಂತ್ರ ಕೊಂಡರೂ ಬಾಡಿಗೆಗೆ ತಂದರೂ ಜಿಎಸ್‌ಟಿ ಶೇ. 18. ಸಾಮಾನ್ಯ ನೋಂದಣಿ ಇರುವವರಿಗೆ ಇನ್‌ಪುಟ್ ಕ್ರೆಡಿಟ್ ಸಿಗುತ್ತದೆ, ಕಾಂಪೊಸಿಷನ್‌ನಲ್ಲಿ ಇರುವವರಿಗೆ ಇಲ್ಲ. ಸ್ವಂತ ಯಂತ್ರಕ್ಕೆ ಆದಾಯ ತೆರಿಗೆಯಲ್ಲಿ ಶೇ. 15 ಸವಕಳಿ, ಆ ವರ್ಷ 180 ದಿನಕ್ಕಿಂತ ಕಮ್ಮಿ ಬಳಸಿದ್ದರೆ ಅದರ ಅರ್ಧ. ಆದ್ದರಿಂದ ಅಕ್ಟೋಬರ್ ಮೊದಲ ವಾರಕ್ಕೂ ಮುಂಚೆ ಚಾಲೂ ಮಾಡಿದರೆ ಪೂರ್ತಿ ಸಿಗುತ್ತದೆ. ಬಾಡಿಗೆ ಪೂರ್ತಿ ಖರ್ಚಿಗೆ ಹೋಗುತ್ತದೆ, ಆದರೆ ತಿಂಗಳಿಗೆ 50,000 ದಾಟಿದರೆ ಶೇ. 2 ಟಿಡಿಎಸ್ ಹಿಡಿಯುವ ಮಾತು ಬರುತ್ತದೆ. ನಿಮಗೆ ಅನ್ವಯಿಸುತ್ತದೆಯಾ ಅಂತ ಆಡಿಟರ್ ಹತ್ತಿರ ಕೇಳಿಕೊಳ್ಳಿ.

ಎರಡರ ನಡುವಿನ ದಾರಿ

ಎಲ್ಲವನ್ನೂ ಕೊಳ್ಳಬೇಕು ಅಥವಾ ಎಲ್ಲವನ್ನೂ ಬಾಡಿಗೆಗೆ ತರಬೇಕು ಅಂತೇನಿಲ್ಲ. ವರ್ಷಪೂರ್ತಿ ಬೇಕಾದಷ್ಟನ್ನು ಕೊಂಡು, ಮಾರ್ಚ್‌ನಿಂದ ಮೇವರೆಗೆ ಹೆಚ್ಚಾಗುವುದನ್ನು ಬಾಡಿಗೆಗೆ ತರುವುದು ನಾನು ಕಂಡ ಸಣ್ಣ ಕಾರ್ಖಾನೆಗಳಿಗೆ ಹೆಚ್ಚು ಹೊಂದುವ ದಾರಿ. ಆದರೆ ಬೇಸಿಗೆಯ ಯಂತ್ರವನ್ನು ಜನವರಿಯಲ್ಲೇ ಮಾತಾಡಿಡಿ. ಏಪ್ರಿಲ್‌ನಲ್ಲಿ ಕೇಳಿದರೆ ಉಳಿದಿರುವುದು ಯಾರೂ ಒಯ್ಯದ ಯಂತ್ರ.

ಯಂತ್ರ ಬೇಡ, ತಂಪಷ್ಟೇ ಸಾಕು ಅನ್ನುವವರೂ ಇದ್ದಾರೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿಗೆ ಹೀಗೇ ಮಾಡುತ್ತಾರೆ. ಬಣ್ಣ ಕೆಡದ ಹಾಗೆ ಚೀಲಗಳನ್ನು ಕೋಲ್ಡ್ ಸ್ಟೋರೇಜ್‌ನಲ್ಲಿಟ್ಟು, ಇಟ್ಟಿದ್ದಕ್ಕೆ ಬಾಡಿಗೆ ಕಟ್ಟುತ್ತಾರೆ. ಕಂಪ್ರೆಸರ್‌ನ ಚಿಂತೆ ಗೋದಾಮಿನವರದು. ಹಾಲಿನದು ಇದಕ್ಕೆ ಉಲ್ಟಾ. ಕರೆದ ಹಾಲು ಬೇಗ 4 ಡಿಗ್ರಿಗೆ ಇಳಿಯಬೇಕು, ದಿನಕ್ಕೆ ಎರಡು ಸಲ, ವರ್ಷದ 365 ದಿನ. ಅಲ್ಲಿ ಬಾಡಿಗೆಯ ಮಾತೇ ಬರುವುದಿಲ್ಲ, ಊರಲ್ಲೇ ಕೂಲರ್ ಇರಬೇಕು. ದೊಡ್ಡ ಕಾಂಕ್ರೀಟ್ ಹಾಕುವ ಕಾಮಗಾರಿಯಲ್ಲಿ ನೀರು ತಣ್ಣಗೆ ಮಾಡುವ ಚಿಲ್ಲರ್ ಬೇಕಾಗುವುದು ಕೆಲವೇ ತಿಂಗಳು. ಕೆಲಸ ಮುಗಿದ ಮೇಲೆ ಅದನ್ನು ಇಟ್ಟುಕೊಂಡು ಮಾಡುವುದೇನು? ಬಾಡಿಗೆಯೇ ಸರಿ. ನಿಮ್ಮ ಕೆಲಸ ಈ ಮೂರರಲ್ಲಿ ಯಾವುದರ ಹತ್ತಿರ ಇದೆ ನೋಡಿ.

ಕೊನೆಯ ಹೆಜ್ಜೆ: ಎರಡು ವಾಲ್ವ್ ಬಿಟ್ಟುಕೊಳ್ಳಿ

ಮುಚ್ಚಳದ ಗೆಳೆಯರು ಆ ಮಾರ್ಚ್‌ನಲ್ಲಿ ಕೊಳ್ಳಲಿಲ್ಲ. ದೊಡ್ಡ ಗಿರಾಕಿಯ ಆರ್ಡರ್ ಜೂನ್‌ನಲ್ಲಿ ನವೀಕರಣ ಆಗಬೇಕಿತ್ತು. ಮೂರು ತಿಂಗಳಿಗೆ 20 ಟನ್ನಿನ ಯಂತ್ರ ಬಾಡಿಗೆಗೆ ತಂದರು, ಆಯಿಲ್ ಸಾಲನ್ನು ಒಂದು ಸಣ್ಣ ಟವರ್‌ಗೆ ತಿರುಗಿಸಿದರು. ಯಂತ್ರದ ಮೇಲೆ "ಜೂನ್ 10" ಅಂತ ಬರೆದ ಹಾಳೆ ಅಂಟಿಸಿದ್ದು ಅವರ ಮಗಳು. ಪ್ರತಿ ಸೋಮವಾರ ಮಧ್ಯಾಹ್ನ ಬಕೆಟ್ ಹಿಡಿದು ಬರೆದಿಟ್ಟರು. ಏಪ್ರಿಲ್ ಕೊನೆಯ ವಾರದಲ್ಲೂ 16 ಟನ್ ದಾಟಲಿಲ್ಲ. ಆರ್ಡರ್ ಮೂರು ವರ್ಷಕ್ಕೆ ಸಿಕ್ಕಿತು. ಆಮೇಲೆ ಎರಡು ಸರ್ಕಿಟ್ ಇರುವ 20 ಟನ್ನಿನ ಹೊಸ ಯಂತ್ರ ತೆಗೆದುಕೊಂಡರು.

ಪೈಪ್ ಹಾಕುವಾಗ ನಾನು ಒಂದೇ ಹಠ ಹಿಡಿದೆ. ಟ್ಯಾಂಕಿನಿಂದ ಹೊರಡುವ ಸಾಲಿಗೊಂದು, ವಾಪಸ್ ಬರುವ ಸಾಲಿಗೊಂದು, ಎರಡು ಇಂಚಿನ ಟೀ ಹಾಕಿ ವಾಲ್ವ್ ಕೂರಿಸಿ, ಬಾಯಿಗೆ ತೂತಿಲ್ಲದ ಕುರುಡು ಫ್ಲ್ಯಾಂಜ್ ಮುಚ್ಚಿಸಿದೆ. ಪ್ಯಾನೆಲ್‌ನಲ್ಲಿ ಒಂದು ಖಾಲಿ ಬ್ರೇಕರ್, ಅಲ್ಲಿಂದ ಬಾಗಿಲವರೆಗೆ ಕೇಬಲ್. ಕೆಲವು ಸಾವಿರದ ಖರ್ಚು. ಹೊಸ ಯಂತ್ರ ಎಂದಾದರೂ ರಾತ್ರಿ ನಿಂತರೆ, ಹೈಡ್ರಾ ಬಾಗಿಲಲ್ಲೇ ಇಳಿಸಬಹುದು, ಹೋಸ್ ಅಲ್ಲೇ ಜೋಡಿಸಬಹುದು. ಹೋಸ್ ಕೂಡ ಕೊಂಡು ಗೋಡೆಗೆ ಸುತ್ತಿ ನೇತುಹಾಕಿದ್ದಾರೆ. ಫ್ಲ್ಯಾಂಜ್‌ನ ಬೋಲ್ಟ್‌ಗಳನ್ನು, ಸ್ಪ್ಯಾನರ್ ಜೊತೆಗೆ, ಒಂದು ಚೀಲದಲ್ಲಿ ಹಾಕಿ ವಾಲ್ವ್‌ಗೇ ಕಟ್ಟಿದ್ದಾರೆ.